ಉಣ್ಣಲೊಲ್ಲದ ಮಗಳು: ಡಾ. ಹಿಲ್ಡೆ ಬ್ರುಖ್ ಅವರ ಕಾಯಕ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ನಮ್ಮ ಮನೆಗಳಲ್ಲಿ ಅನ್ನವೆಂದರೆ ಹೊಟ್ಟೆ ತುಂಬುವ ಪದಾರ್ಥ ಮಾತ್ರವಲ್ಲ, ಅದು ಪ್ರಸಾದ. ಇಷ್ಟಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ತುತ್ತನ್ನು ಚೆಲ್ಲಬಾರದೆಂಬುದು ಹಿರಿಯರು ಕಲಿಸಿದ ಪಾಠ. ಬಾಣಂತಿಗೆ ಅಂಟಿನ ಉಂಡಿ, ಬೀಗರಿಗೆ ಗೋಕಾಕದ ಕರದಂಟು, ಹೊಲಕ್ಕೆ ಹೊರಟವರಿಗೆ ರೊಟ್ಟಿಯ ಬುತ್ತಿ. ಹೀಗೆ ಪ್ರೀತಿಯನ್ನು ಮಾತಿನಲ್ಲಿ ಹೇಳುವುದಕ್ಕಿಂತ ತಾಟಿನಲ್ಲಿ ಬಡಿಸುವುದೇ ನಮಗೆ ರೂಢಿ. ಇಂತಹ ಮನೆಯಲ್ಲಿ ಬೆಳೆದ ಮಗಳೊಬ್ಬಳು ದಿನೇ ದಿನೇ ತುತ್ತು ಕಡಿಮೆ ಮಾಡುತ್ತ, “ಹಸಿವಿಲ್ಲ, ಒಲ್ಲೆ ಅವ್ವಾ” ಎನ್ನತೊಡಗಿದರೆ ತಾಯಿಯ ಕರುಳು ಏನಾಗಬೇಡ? ಕೆಲವರು ಅದನ್ನು ಹಟವೆನ್ನುತ್ತಾರೆ, ಕೆಲವರು ದೃಷ್ಟಿ ತಗುಲಿತೆನ್ನುತ್ತಾರೆ. ಅದೊಂದು ಕಾಯಿಲೆಯಾಗಿರಬಹುದೆಂಬ ವಿಚಾರ ಹೊಳೆಯುವ ವೇಳೆಗೆ ಅಮೂಲ್ಯ ತಿಂಗಳುಗಳು ಕಳೆದಿರುತ್ತವೆ.

ಈ ಕಾಯಿಲೆಯನ್ನು 1873ರಲ್ಲಿ ಪ್ಯಾರಿಸ್ಸಿನ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯರು ಬೇರೆ ಬೇರೆಯಾಗಿ ವರ್ಣಿಸಿದರು. ಗಲ್ ಅವರು ಬಳಸಿದ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರೇ ಇಂದಿಗೂ ಉಳಿದಿದೆ. ಆದರೆ ರೋಗಿಯ ಎದುರು ಕುಳಿತು, ಆಕೆಯ ಅಂತರಂಗವನ್ನು ತಾಳ್ಮೆಯಿಂದ ಆಲಿಸಿ, ಅದನ್ನೇ ಜೀವನದ ಕಾಯಕವನ್ನಾಗಿ ಮಾಡಿಕೊಂಡವರಲ್ಲಿ ಡಾ. ಹಿಲ್ಡೆ ಬ್ರುಖ್ ಅಗ್ರಗಣ್ಯರು.

ನೆಲೆ ತಪ್ಪಿದ ಬದುಕು

ಹಿಲ್ಡೆ ಬ್ರುಖ್ 1904ರಲ್ಲಿ ಜರ್ಮನಿಯ ಡ್ಯೂಲ್ಕೆನ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಜನಿಸಿದರು. ಗಣಿತದಲ್ಲಿ ಒಲವಿದ್ದರೂ ವೈದ್ಯಶಾಸ್ತ್ರವನ್ನು ಅಭ್ಯಸಿಸಿ ಮಕ್ಕಳ ವೈದ್ಯೆಯಾದರು. 1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ ತಾಯ್ನಾಡನ್ನು ತೊರೆದು ಇಂಗ್ಲೆಂಡಿಗೂ, ಮರುವರ್ಷ ಅಮೆರಿಕಕ್ಕೂ ತೆರಳಿದರು. ನ್ಯೂಯಾರ್ಕಿನಲ್ಲಿ ಅವರ ಗಮನ ಸೆಳೆದವರು ಅತಿಯಾಗಿ ದಪ್ಪಗಾದ ಮಕ್ಕಳು. ಅದಕ್ಕೆ ಗ್ರಂಥಿಗಳ ದೋಷವೇ ಕಾರಣವೆಂದು ಅಂದಿನ ವೈದ್ಯರು ನಂಬಿದ್ದರು. ಬ್ರುಖ್ ಪರೀಕ್ಷಿಸಿದಾಗ ಆ ಮಕ್ಕಳಲ್ಲಿ ಬಹುತೇಕರ ಗ್ರಂಥಿಗಳು ಸರಿಯಾಗಿಯೇ ಇದ್ದವು. ಹಾಗಾದರೆ ಕಾರಣವನ್ನು ಮನೆಯಲ್ಲಿ, ಮನಸ್ಸಿನಲ್ಲಿ ಹುಡುಕಬೇಕೆಂದು ಅವರು ಮನೋವೈದ್ಯಶಾಸ್ತ್ರದತ್ತ ಹೊರಳಿದರು.

1964ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದರು. ಆಹಾರಸಂಬಂಧಿ ಮನೋವ್ಯಾಧಿಗಳನ್ನು ಕುರಿತ ಅವರ ಬೃಹದ್ಗ್ರಂಥ 1973ರಲ್ಲಿ ಹೊರಬಂದಿತು. 1978ರಲ್ಲಿ ಪ್ರಕಟವಾದ ‘ದಿ ಗೋಲ್ಡನ್ ಕೇಜ್’, ಅಂದರೆ ‘ಬಂಗಾರದ ಪಂಜರ’, ಸಾಮಾನ್ಯ ಓದುಗರಿಗೂ ಈ ಕಾಯಿಲೆಯ ಪರಿಚಯ ಮಾಡಿಕೊಟ್ಟಿತು. ಎಲ್ಲ ಅನುಕೂಲವಿದ್ದ ಮನೆಯಲ್ಲಿದ್ದೂ ತಾನು ಬಂಗಾರದ ಪಂಜರದಲ್ಲಿನ ಗುಬ್ಬಿಯೆಂದು ಭಾವಿಸಿದ್ದ ರೋಗಿಯೊಬ್ಬಳ ಕಲ್ಪನೆಯೇ ಆ ಹೆಸರಿಗೆ ಮೂಲ. 1984ರಲ್ಲಿ ಅವರು ನಿಧನರಾದರು.

ಹಸಿವಿನ ಹಿಂದಿನ ಮಾತು

ಬ್ರುಖ್ ಕಂಡುಕೊಂಡದ್ದೇನು? ಈ ಹುಡುಗಿಯರು ಬಹುಪಾಲು ವಿಧೇಯರು, ಓದಿನಲ್ಲಿ ಮುಂದಿದ್ದವರು, ಎದುರು ಮಾತನಾಡದವರು. ಉಡುಗೆ, ಓದು, ಗೆಳೆತನ ಎಲ್ಲವನ್ನೂ ಇತರರೇ ನಿಶ್ಚಯಿಸುವ ಬದುಕಿನಲ್ಲಿ ‘ತನ್ನದು’ ಎನ್ನಲು ಅವರಿಗೆ ಉಳಿದದ್ದು ತಮ್ಮ ಶರೀರವೊಂದೇ. ಊಟ ಬಿಡುವುದು ಅವರ ಪಾಲಿಗೆ ಒಂದು ಅಧಿಕಾರ. ಆದ್ದರಿಂದ “ತಿನ್ನು” ಎಂದು ಗದರಿಸುವುದಕ್ಕಿಂತ “ನಿನ್ನ ಮನಸ್ಸಿನಲ್ಲೇನಿದೆ?” ಎಂದು ಕೇಳುವುದು ಚಿಕಿತ್ಸೆಯ ಮೊದಲ ಮೆಟ್ಟಿಲೆಂದು ಅವರು ಸಾರಿದರು.

ಅವರ ಒಂದು ವಿಚಾರವನ್ನು ಮಾತ್ರ ಕಾಲವು ತಿದ್ದಿದೆ. ರೋಗದ ಮೂಲವನ್ನು ಅವರು ಬಹಳಮಟ್ಟಿಗೆ ತಾಯಿಯ ಪಾಲನೆಯಲ್ಲಿ ಕಂಡರು. ಅನುವಂಶೀಯತೆಯ ಪಾತ್ರವೂ ದೊಡ್ಡದೆಂದು ನಂತರದ ಸಂಶೋಧನೆಗಳು ತೋರಿಸಿವೆ. ಅಷ್ಟೇ ಅಲ್ಲ, 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಪದ್ಧತಿಯು ತಂದೆತಾಯಿಗಳನ್ನು ದೂಷಿಸದೆ, ಮಗುವಿಗೆ ಉಣಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿ, ಚಿಕಿತ್ಸೆಯಲ್ಲಿ ಪಾಲುದಾರರನ್ನಾಗಿ ಮಾಡಿತು. ಹದಿಹರೆಯದವರಿಗೆ ಇಂದು ಪ್ರಮುಖವಾಗಿ ಸೂಚಿಸುವ ಚಿಕಿತ್ಸೆ ಇದೇ. ಆದುದರಿಂದ ಯಾವ ತಾಯಿಯೂ “ನನ್ನಿಂದಲೇ ಹೀಗಾಯಿತು” ಎಂದು ಕೊರಗಬೇಕಾಗಿಲ್ಲ.

ಉಪವಾಸವೇ ಮನಸ್ಸನ್ನು ಕೆಡಿಸಬಲ್ಲದೆಂಬುದಕ್ಕೆ ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ನಡೆದ ಪ್ರಯೋಗ ಸಾಕ್ಷಿ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಆರೋಗ್ಯವಂತ ಸ್ವಯಂಸೇವಕ ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರಿಸಿದರು. ಅವರು ಸಿಡುಕರಾದರು, ಮಂಕಾದರು, ಜನರಿಂದ ದೂರ ಸರಿದರು; ಹಗಲಿರುಳು ಅನ್ನದ ಚಿಂತೆಯಲ್ಲೇ ಮುಳುಗಿದರು. ಮಗಳ ‘ಹಟ’ದಲ್ಲಿ ಎಷ್ಟು ಪಾಲು ಅವಳದು, ಎಷ್ಟು ಪಾಲು ಹಸಿದ ಮೆದುಳಿನದು ಎಂಬುದನ್ನು ನಾವು ಆಲೋಚಿಸಬೇಕು.

ನಮ್ಮ ಮನೆಗಳಲ್ಲಿ

ಇದು ಪಾಶ್ಚಾತ್ಯರ ರೋಗವೆಂದು ಕೈತೊಳೆದುಕೊಳ್ಳುವಂತಿಲ್ಲ. 1995ರಲ್ಲಿ ದೆಹಲಿಯ ಮನೋವೈದ್ಯರು ಐವರು ತರುಣಿಯರ ವಿವರಗಳನ್ನು ಪ್ರಕಟಿಸಿದರು. ಊಟದ ನಿರಾಕರಣೆ, ವಾಂತಿ, ತೂಕದ ಇಳಿತ ಇದ್ದರೂ ಪಾಶ್ಚಾತ್ಯ ರೋಗಿಗಳಲ್ಲಿ ಕಾಣುವ ಶರೀರರೂಪದ ಚಿಂತೆ ಅವರಲ್ಲಿ ಅಷ್ಟಾಗಿ ಇರಲಿಲ್ಲ. ಹೀಗಾಗಿ ನಮ್ಮಲ್ಲಿ ಈ ಕಾಯಿಲೆ ಹೊಟ್ಟೆಯ ತೊಂದರೆಯ ವೇಷದಲ್ಲಿ ಬರಬಹುದು.

ತೂಕ ಒಂದೇ ಸಮನೆ ಇಳಿಯುವುದು, ಮುಟ್ಟು ನಿಲ್ಲುವುದು, ಸದಾ ಚಳಿ, ಎಲ್ಲರೊಡನೆ ಊಟಕ್ಕೆ ಕೂಡದಿರುವುದು, ಉಂಡೊಡನೆ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು — ಇವು ಎಚ್ಚರದ ಚಿಹ್ನೆಗಳು. ಗಂಡುಮಕ್ಕಳಿಗೂ ಇದು ಬರುತ್ತದೆ. ಮೊದಲು ವೈದ್ಯರಲ್ಲಿ ದೇಹದ ತಪಾಸಣೆಯಾಗಬೇಕು, ಏಕೆಂದರೆ ಇದು ಪ್ರಾಣಕ್ಕೇ ಎರವಾಗಬಲ್ಲ ಕಾಯಿಲೆ. ತೀರಾ ಕೃಶರಾದವರಿಗೆ ವೈದ್ಯರ ನಿಗಾ ಇಲ್ಲದೆ ಒಮ್ಮೆಲೇ ಹೆಚ್ಚು ಉಣಿಸುವುದೂ ಅಪಾಯಕರ. ಬಳಿಕ ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು ಬೇಕು. ಧಾರವಾಡದ ‘ಡಿಮ್ಹಾನ್ಸ್’, ಬೆಂಗಳೂರಿನ ‘ನಿಮ್ಹಾನ್ಸ್’ ಸಂಸ್ಥೆಗಳಿವೆ. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಗೆ ಕರೆ ಮಾಡಿ ಮನೆಯಿಂದಲೇ ಮಾತನಾಡಬಹುದು.

“ಹೆಣ್ಣುಮಗಳು, ನಾಳೆ ಸಂಬಂಧ ಕೂಡಿಬರಬೇಕು, ಹೊರಗೆ ತಿಳಿದರೆ ಹೇಗೆ?” ಎಂಬ ಅಂಜಿಕೆಯೇ ಅನೇಕ ಮನೆಗಳನ್ನು ಕಟ್ಟಿಹಾಕುತ್ತದೆ. ಆದರೆ ಮಗಳ ಜೀವಕ್ಕಿಂತ ಮಿಗಿಲಾದ ಮಾನವುಂಟೆ? ಕಾಯವನ್ನೇ ದೇಗುಲವೆಂದು ಕಂಡ ಶರಣರ ಪರಂಪರೆ ನಮ್ಮದು. ಆ ದೇಗುಲ ಶಿಥಿಲವಾಗುತ್ತಿರುವಾಗ ಕಣ್ಣು ಮುಚ್ಚಿ ಕೂಡುವುದು ಧರ್ಮವಲ್ಲ. ಇಂದು ರಾತ್ರಿ ಮಗಳ ಪಕ್ಕದಲ್ಲಿ ಕುಳಿತು ಉಣ್ಣಿರಿ. ತಾಟಿನಲ್ಲಿ ಎಷ್ಟು ಉಳಿಯಿತೆಂದು ಗದರದೆ, ಅವಳು ಹೇಳುವುದನ್ನು ಕೇಳಿರಿ. ನಾಳೆ ಬೆಳಿಗ್ಗೆ ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ.