ಕುದುರೆಗೆ ತಕ್ಕ ಗುರು

ದಸರೆ ಸಮೀಪಿಸಿತೆಂದರೆ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುತ್ತದೆ. ಜಂಬೂಸವಾರಿಯ ದಿನ 21 ತೋಪುಗಳು ಮೊಳಗುವಾಗ ಪ್ರಾಣಿಗಳು ಬೆದರಬಾರದಲ್ಲ! ಅದಕ್ಕಾಗಿ ಆನೆಗಳ ಜೊತೆಗೆ ಅಶ್ವದಳದ ಕುದುರೆಗಳನ್ನೂ ಮೊದಲೇ ಕರೆತಂದು ಸದ್ದು ಕೇಳಿಸುತ್ತಾರೆ. ಮೊದಲ ಸಲ ಕೆಲವು ಬೆಚ್ಚಿ ಹಿಂದೆ ಸರಿಯುತ್ತವೆ. ಕೆಲವು ದಿನ ಬಿಟ್ಟು ಮತ್ತೆ ಮತ್ತೆ ಕೇಳಿಸಿದ ಮೇಲೆ ಅವು ಸದ್ದಿಗೆ ಹೊಂದಿಕೊಳ್ಳುತ್ತವೆ. ಭಯವನ್ನು ಹೊಡೆದು ಓಡಿಸಲಾಗದು, ರೂಢಿಯಿಂದ ಕರಗಿಸಬೇಕು. ಕುದುರೆ ಪಳಗಿಸುವವರ ಮೊದಲ ಪಾಠವೇ ಇದು.

ಕುದುರೆ ಬಯಲಿನಲ್ಲಿ ಮೇಯುತ್ತಾ ಬೆಳೆದ ಪ್ರಾಣಿ. ಹುಲಿ, ತೋಳಗಳಿಂದ ತಪ್ಪಿಸಿಕೊಳ್ಳಲು ಓಟವೊಂದೇ ಅದಕ್ಕಿದ್ದ ದಾರಿ. ತಲೆಯ ಇಕ್ಕೆಲಗಳಲ್ಲಿರುವ ಕಣ್ಣುಗಳಿಂದ ಅದಕ್ಕೆ ಸುತ್ತಲೂ ಕಾಣುತ್ತದೆ. ನೇರ ಹಿಂದಿನದು ಮತ್ತು ಮೂಗಿನ ತುದಿಯ ಬಳಿ ಇರುವುದು ಮಾತ್ರ ಕಾಣದು. ಹಿಂದಿನಿಂದ ಸದ್ದಿಲ್ಲದೆ ಹೋದವರನ್ನು ಅದು ಒದ್ದರೆ ಅದು ಹಗೆತನವಲ್ಲ, ಆತ್ಮರಕ್ಷಣೆ. ಹಾಗೆಯೇ ಸವಾರನನ್ನು ಕೆಡವುವ ಕುದುರೆಯ ಹಿಂದೆ ಹಲವು ಬಾರಿ ನೋವಿರುತ್ತದೆ. ಜೀನು ಬೆನ್ನನ್ನು ಒತ್ತುತ್ತಿರಬಹುದು, ದವಡೆಯ ಹಲ್ಲು ಚೂಪಾಗಿ ಕೆನ್ನೆಯನ್ನು ಕೊರೆಯುತ್ತಿರಬಹುದು. ಒಳ್ಳೆಯ ತರಬೇತುದಾರ 'ಇದು ಮೊಂಡು ಕುದುರೆ' ಎನ್ನುವ ಮೊದಲು ಬೆನ್ನು, ಬಾಯಿ, ಗೊರಸುಗಳನ್ನು ಪರೀಕ್ಷಿಸುತ್ತಾನೆ, ಪಶುವೈದ್ಯರನ್ನು ಕರೆಸುತ್ತಾನೆ.

ಕುದುರೆ ಕಲಿಯುವ ಬಗೆಯೂ ಸರಳ. ಲಗಾಮು ಬಿಗಿಯಾದಾಗ ಅದು ನಿಲ್ಲುತ್ತದೆ. ನಿಂತ ಕ್ಷಣವೇ ಲಗಾಮು ಸಡಿಲವಾಗಬೇಕು. ಆ ಸಡಿಲಿಕೆಯೇ ಅದಕ್ಕೆ ಸಿಗುವ ಬಹುಮಾನ. ನಿಂತ ಮೇಲೂ ಜಗ್ಗುತ್ತಿದ್ದರೆ ತಾನು ಮಾಡಿದ್ದು ಸರಿಯೋ ತಪ್ಪೋ ಅದಕ್ಕೆ ತಿಳಿಯದು. ತಪ್ಪು ಮಾಡಿದ ಎಷ್ಟೋ ಹೊತ್ತಿಗೆ ಬೀಳುವ ಬಾರುಕೋಲಿನ ಏಟಂತೂ ಅದಕ್ಕೆ ಅರ್ಥವೇ ಆಗದು.

ಇದು ಹೊಸ ವಿಚಾರವಲ್ಲ. ಬೆದರಿದ ಕುದುರೆಯನ್ನು ಹೊಡೆದರೆ, ತಾನು ಹೆದರಿದ ವಸ್ತುವೇ ನೋವು ಕೊಟ್ಟಿತೆಂದು ಅದು ಭಾವಿಸುತ್ತದೆ ಎಂದು ಗ್ರೀಕ್ ಸೇನಾನಿ ಕ್ಸೆನೊಫನ್ 2,300 ವರ್ಷಗಳಿಗೂ ಹಿಂದೆಯೇ ಬರೆದಿದ್ದ. ಕನ್ನಡ ನಾಡಿನಲ್ಲಿಯೂ ಈ ವಿದ್ಯೆಗೆ ಗೌರವವಿತ್ತು. 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣ, ಸವಾರಿಗಳನ್ನು ವಿವರಿಸಿದ್ದಾನೆ. ಅಶ್ವಶಾಲೆಯ ಅಧಿಕಾರಿಯಾದ ಸಾಹಣಿಯ ಹೆಸರು ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಕುದುರೆ ಕೊಂಡವರು ಇಂದು ಅಂಥ ಸಾಹಣಿಯನ್ನು ಹುಡುಕುವುದು ಹೇಗೆ? ಪಶು ಆಸ್ಪತ್ರೆಯ ವೈದ್ಯರನ್ನು, ಹಲವು ವರ್ಷ ಕುದುರೆ ಸಾಕಿದವರನ್ನು ವಿಚಾರಿಸುವುದು ಮೊದಲ ಹೆಜ್ಜೆ. ಆಮೇಲೆ ಆತನ ಲಾಯಕ್ಕೇ ಹೋಗಿ ಒಂದು ಬೆಳಗು ನೋಡಬೇಕು. ಆತ ಒಳಗೆ ಬಂದಾಗ ಕುದುರೆಗಳು ಮುಖ ಮುಂದೆ ಚಾಚುತ್ತವೆಯೋ, ಮೂಲೆ ಸೇರುತ್ತವೆಯೋ? ಬಾಯಿಯ ಅಂಚಿನಲ್ಲಿ, ಪಕ್ಕೆಯಲ್ಲಿ ಗಾಯದ ಗುರುತಿದೆಯೇ? ಕುದುರೆ ಹೇಳಿದಂತೆ ಕೇಳದಿದ್ದಾಗ ಆತನ ದನಿ ಏರುತ್ತದೆಯೇ? ನಾಲ್ಕೇ ದಿನದಲ್ಲಿ ಪಳಗಿಸಿಕೊಡುತ್ತೇನೆ ಎನ್ನುವವರಿಂದ ದೂರವಿರುವುದು ಲೇಸು. ಮುಳ್ಳಿನ ಕಡಿವಾಣ ಬಳಸುವವರಿಂದಲೂ ಅಷ್ಟೇ. ಅದನ್ನು 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ.

ಮುಖ್ಯವಾಗಿ, ಆತ ಮಾಲೀಕನಿಗೂ ಪಾಠ ಹೇಳುವವನಾಗಿರಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ 23ನೇ ಸ್ಥಾನ ಪಡೆದ ಬೆಂಗಳೂರಿನ ಫವಾದ್ ಮಿರ್ಜಾ ಕೂಡ ಜರ್ಮನಿಗೆ ಹೋಗಿ ಸಾಂಡ್ರಾ ಆಫಾರ್ತ್ ಅವರ ಬಳಿ ಕಲಿತವರು. ತರಬೇತುದಾರ ಇಂದಲ್ಲ ನಾಳೆ ಮನೆಗೆ ಹೋಗುತ್ತಾನೆ. ಆಮೇಲೆ ಕುದುರೆಯ ಬಾಯಿಗೆ ತಾಕುವುದು ಮಾಲೀಕನ ಕೈಯೇ. ಆ ಕೈ ಹದವಾಗಿ ಸಡಿಲಿಸುವುದನ್ನು ಕಲಿಯದಿದ್ದರೆ ತಿಂಗಳುಗಳ ತಾಲೀಮು ವಾರದಲ್ಲಿ ಹಾಳಾಗುತ್ತದೆ.