ಮಳಖೇಡದ ಮಾವು, ಗಿಲ್ಲೆಸುಗೂರಿನ ಚುಕ್ಕಿ

ಮಾವಿನಹಣ್ಣಿನ ಒಂದು ರಾಶಿ. ಅದರಲ್ಲಿ ಆರರಲ್ಲೊಂದು ಪಾಲನ್ನು ರಾಜ ತೆಗೆದುಕೊಂಡ. ಉಳಿದದ್ದರಲ್ಲಿ ಐದರಲ್ಲೊಂದು ಪಾಲು ರಾಣಿಗೆ ಹೋಯಿತು. ಆಮೇಲೆ ಉಳಿದದ್ದರಲ್ಲಿ ನಾಲ್ಕರಲ್ಲೊಂದು ಒಬ್ಬ ರಾಜಕುಮಾರನಿಗೆ, ಮತ್ತೆ ಉಳಿದದ್ದರಲ್ಲಿ ಮೂರರಲ್ಲೊಂದು ಇನ್ನೊಬ್ಬನಿಗೆ, ಮತ್ತೂ ಉಳಿದದ್ದರ ಅರ್ಧ ಮೂರನೆಯವನಿಗೆ. ಎಲ್ಲರಿಗಿಂತ ಚಿಕ್ಕವನ ಸರದಿ ಬಂದಾಗ ಇದ್ದವು ಮೂರೇ ಹಣ್ಣು. ಮೊದಲು ರಾಶಿಯಲ್ಲಿ ಎಷ್ಟಿದ್ದವು?

ಎಕ್ಸ್ ಎಂದು ಇಟ್ಟುಕೊಂಡು ಸಮೀಕರಣ ಬರೆಯುವುದು ಶಾಲೆ ಕಲಿಸಿದ ದಾರಿ. ಅದೂ ಸರಿಯೇ. ಆದರೆ ಕೊನೆಯಿಂದ ಹಿಂದಕ್ಕೆ ನಡೆದು ನೋಡಿ. ಚಿಕ್ಕವನಿಗೆ ಉಳಿದದ್ದು ಮೂರು. ಅವನ ಮುಂಚಿನವನು ಅರ್ಧ ತೆಗೆದಿದ್ದಾನೆ, ಹಾಗಾದರೆ ಆಗ ಇದ್ದದ್ದು ಆರು. ಅದಕ್ಕೂ ಮೊದಲು ಒಂಬತ್ತು, ಆಮೇಲೆ ಹನ್ನೆರಡು, ಹದಿನೈದು, ಹದಿನೆಂಟು. ಉತ್ತರ 18. ಪೆನ್ಸಿಲ್ ಕೆಳಗಿಡುವ ಮುಂಚೆ ಯಾರಿಗೆ ಎಷ್ಟು ಸಿಕ್ಕಿತು ಎಂದು ಒಮ್ಮೆ ಎಣಿಸಿದರೆ ಲೆಕ್ಕ ಕಟ್ಟಿದವನ ಕಿರುನಗೆ ಕಾಣುತ್ತದೆ. ರಾಜನಿಗೂ ಮೂರು, ರಾಣಿಗೂ ಮೂರು, ಕೂಸಿಗೂ ಮೂರು. ಆರರಲ್ಲೊಂದು, ಐದರಲ್ಲೊಂದು ಎಂದು ತಾರತಮ್ಯದ ವೇಷ ಹಾಕಿಕೊಂಡು ಬಂದದ್ದು ಸಮಪಾಲು!

ಈ ಲೆಕ್ಕ ಇರುವುದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ. ಕಾಲ ಸುಮಾರು ಕ್ರಿ.ಶ. 850. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳುತ್ತಿದ್ದ ದಿನಗಳು ಅವು. ಮಾನ್ಯಖೇಟ ಎಂದರೆ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಇದೇ ಅರಸನ ಆಶ್ರಯದಲ್ಲಿ. ಕವಿರಾಜಮಾರ್ಗದ ಹೆಸರನ್ನು ನಮ್ಮ ಮಕ್ಕಳು ಪರೀಕ್ಷೆಗಾದರೂ ಉರುಹೊಡೆಯುತ್ತಾರೆ. ಗಣಿತಸಾರಸಂಗ್ರಹಕ್ಕೆ ಅಷ್ಟು ಭಾಗ್ಯವೂ ಇಲ್ಲ.

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂಥ ಊರಿಗೆ ಈ ಪುಸ್ತಕವನ್ನು ಪರಿಚಯಿಸುವುದಕ್ಕೆ ಇನ್ನೂ ಒಂದು ಕಾರಣವಿದೆ. ಕನ್ನಡ, ತೆಲುಗು ಎರಡೂ ಒಂದೇ ಕಟ್ಟೆಯ ಮೇಲೆ ಕಿವಿಗೆ ಬೀಳುವ ಸೀಮೆ ಇದು. ಮಹಾವೀರ ಬರೆದದ್ದು ಸಂಸ್ಕೃತದಲ್ಲಿ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಮರು ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಚಿತ್ರಹಸುಗೆ’ ಮುಂತಾದವುಗಳನ್ನು ಕನ್ನಡದಲ್ಲೇ ಬರೆದ. ಲೆಕ್ಕವನ್ನು ಪದ್ಯದಲ್ಲಿ ಹೇಳಿ ಬಾಯಲ್ಲಿ ಉಳಿಸುವ ಕಸುಬು ಈ ಎರಡೂ ನುಡಿಗಳಿಗೆ ಹೊಸದಲ್ಲ. ಮಾನ್ವಿಯ ಜಗನ್ನಾಥದಾಸರ, ಚೀಕಲಪರವಿಯ ವಿಜಯದಾಸರ ಸೀಮೆಯವರಿಗಂತೂ ಸಾವಿರ ಸಾಲು ಕಂಠಪಾಠ ಮಾಡುವುದು ದೊಡ್ಡ ಮಾತೇ ಅಲ್ಲ.

ಪುಸ್ತಕದಲ್ಲಿ ಒಂಬತ್ತು ಅಧ್ಯಾಯಗಳಿವೆ. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಗುಂಡಿ ತೋಡುವ ಲೆಕ್ಕ, ನೆರಳಿನ ಲೆಕ್ಕ, ಎಲ್ಲ ಉಂಟು. ಎಲ್ಲವೂ ರಂಜಕ ಎಂದರೆ ಸುಳ್ಳಾಗುತ್ತದೆ. ಹಲವು ಪುಟಗಳು ಇವತ್ತಿನ ಗೈಡುಗಳಷ್ಟೇ ಒಣ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಆತ ಬರೆದದ್ದು ತಪ್ಪು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆಯೇ ನಿಂತು ಯೋಚಿಸಿ ಹೇಳಿದವನೂ ಅವನೇ.

ಆದರೆ ಗುಣಾಕಾರದ ಕಡೆಗೆ ಬಂದಾಗ ಮನುಷ್ಯ ಹುಡುಗನಾಗಿಬಿಡುತ್ತಾನೆ. ಗುಣಲಬ್ಧ ಎರಡೂ ಕಡೆಯಿಂದ ಒಂದೇ ಥರ ಓದಿಸಿಕೊಳ್ಳುವಂಥ ಜೋಡಿಗಳನ್ನು ಹುಡುಕಿ, ಅವಕ್ಕೆ ಕೊರಳ ಹಾರದ ಹೆಸರಿಡುತ್ತಾನೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸರ: 111111111. ಕೊಟ್ಟ ಸಂಖ್ಯೆಯಲ್ಲಿ ಎಂಟು ಇಲ್ಲ, ಗಮನಿಸಿ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001, ಎರಡು ತುದಿಗೆ ಎರಡು ಮಣಿ, ನಡುವೆ ಬರೀ ದಾರ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 27994681 ಮತ್ತು 441. ಗುಣಲಬ್ಧ 12345654321.

ಕ್ಯಾಲ್ಕುಲೇಟರ್ ಒತ್ತಿ ‘ಅಬ್ಬಾ’ ಎಂದು ಮುಂದೆ ಹೋಗುವವರು ಅರ್ಧ ಊಟ ಮಾಡಿ ಎದ್ದಂತೆ. 12345654321 ಎಂಬುದು 111111ರ ವರ್ಗ. ಆ 111111 ಎಂದರೆ 21 ಗುಣಿಸು 5291. 21ರ ವರ್ಗ 441. 5291ರ ವರ್ಗ 27994681. ಅಂದರೆ ಒಂದು ಚಂದದ ವರ್ಗವನ್ನು ಎರಡು ವರ್ಗಗಳಾಗಿ ಸೀಳಿ, ಸೀಳಿದ ಗುರುತು ಕಾಣದಂತೆ ನಮ್ಮ ಮುಂದೆ ಇಟ್ಟಿದ್ದಾನೆ. ಇಷ್ಟು ತಿಳಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೂ ಇಂಥ ಒಂದು ಹಾರ ಪೋಣಿಸಬಲ್ಲಳು. 1111 ಎಂದರೆ 11 ಗುಣಿಸು 101. ಹಾಗಾದರೆ 121ನ್ನು 10201ರಿಂದ ಗುಣಿಸಲಿ, 1234321 ಬರುತ್ತದೆ.

ಪಠ್ಯದಾಚೆಯ ಗಣಿತ ಎಂದರೆ ಹೆಚ್ಚು ಕಷ್ಟದ ಗಣಿತ ಎಂಬ ಭಯ ಅನೇಕ ಪಾಲಕರಲ್ಲಿದೆ. ಮುಂದಿನ ವರ್ಷದ ಪಾಠವನ್ನು ಈ ವರ್ಷವೇ ಮುಗಿಸುವ ಟ್ಯೂಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ಮಗು ಉತ್ತರ ಹೇಳಿದ ಮೇಲೆ ‘ನೀನೊಂದು ಇಂಥದ್ದೇ ಲೆಕ್ಕ ಕಟ್ಟು’ ಎನ್ನುವುದಷ್ಟೇ ಬೇಕಾದ ಮಾತು. ಮಾವಿನ ಲೆಕ್ಕದಲ್ಲಿ ರಾಜ ರಾಣಿಯರ ಬದಲು ಏಳು ಮಂದಿ ಅಣ್ಣತಮ್ಮಂದಿರು ಬರಲಿ, ಹಣ್ಣಿನ ಬದಲು ಮಾನ್ವಿ ಕಡೆಯ ನೆಲ್ಲಿನ ಚೀಲವೋ ದೇವದುರ್ಗದ ಮೆಣಸಿನಕಾಯಿ ಚೀಲವೋ ಇರಲಿ. ಏಳರಲ್ಲೊಂದರಿಂದ ಶುರುಮಾಡಿ ಕೊನೆಯವನಿಗೆ ಐದು ಚೀಲ ಉಳಿಸಿದರೆ ಒಟ್ಟು ಎಷ್ಟು ಎಂಬುದು ಹುಡುಗರಿಗೆ ಕ್ಷಣದಲ್ಲಿ ಹೊಳೆಯುತ್ತದೆ. ಹೊಳೆದ ಮೇಲೆ ಅದನ್ನು ದೊಡ್ಡವರಿಗೆ ಒಗೆದು, ಅವರು ಒದ್ದಾಡುವುದನ್ನು ನೋಡುವ ಸುಖ ಬೇರೆ!

ಮಹಾವೀರನಿಗೆ ಕಥೆಯ ಚಪಲವೂ ಇತ್ತು. ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿದುಹೋಗುವ ಒಂದು ಲೆಕ್ಕವಿದೆ. ಮೂರರಲ್ಲೊಂದು ಪಾಲು ದಾಸಿಯ ಕಡೆಗೆ, ಆರರಲ್ಲೊಂದು ಹಾಸಿಗೆಯ ಮೇಲೆ. ಉಳಿದದ್ದರ ಅರ್ಧ, ಅದರಲ್ಲಿ ಉಳಿದದ್ದರ ಅರ್ಧ, ಹೀಗೆ ಆರು ಸಲ ಚದುರಿದ ಮೇಲೆ 1161 ಮುತ್ತು ಉಳಿಯುತ್ತವೆ. ಒಟ್ಟು 148608. ಅಷ್ಟು ಮುತ್ತಿನ ಹಾರ ಹೊತ್ತ ಕೊರಳಿನ ಗತಿ ಏನು ಎಂದು ಕೇಳಬಾರದು. ಇನ್ನೊಂದು ಕಡೆ ಷಡ್ರಸಗಳನ್ನು ಬೆರೆಸಿ ಎಷ್ಟು ಬಗೆಯ ರುಚಿ ಮಾಡಬಹುದು ಎಂದು ಕೇಳುತ್ತಾನೆ. ಒಂದೊಂದೇ ರುಚಿಯಿಂದ ಆರೂ ಕೂಡಿದ್ದರವರೆಗೆ ಎಣಿಸಿದರೆ 63. ಇಂದು ಪಿಯುಸಿಯಲ್ಲಿ ಕಲಿಸುವ ಸಂಯೋಜನೆಯ ಸೂತ್ರ ಆ ಪದ್ಯಗಳಲ್ಲಿದೆ.

ಓದಬೇಕೆನ್ನುವವರಿಗೆ ಪುಸ್ತಕ ಸಿಗದೇ ಇಲ್ಲ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. 2000ದಲ್ಲಿ ಹೊಂಬುಜ ಜೈನ ಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದ ಬಂದಿದೆ. ಹಳ್ಳಿ ಶಾಲೆಯ ಗ್ರಂಥಾಲಯಗಳಲ್ಲಿ ಅದು ಇರಬೇಕಿತ್ತು.

ಸಂಖ್ಯೆಯ ಆಟಕ್ಕೆ ಪಂಡಿತರೇ ಆಗಬೇಕಿಲ್ಲ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ.ರಾ. ಕಾಪ್ರೇಕರ್ 6174 ಎಂಬ ಸಂಖ್ಯೆಯ ಗುಟ್ಟು ಹಿಡಿದರು. ನಾಲ್ಕಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ರಾಯಚೂರು ಕೋಟೆಯ ದೊಡ್ಡ ಬಂಡೆಯ ಮೇಲಿನ ಶಾಸನದ ವರ್ಷ 1294, ಅದೇ ಇರಲಿ. ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ಕಳೆಯಿರಿ (ಮೂರೇ ಅಂಕಿ ಬಂದರೆ ಮುಂದೊಂದು ಸೊನ್ನೆ ಇಟ್ಟುಕೊಳ್ಳಿ): 9421ರಲ್ಲಿ 1249 ಕಳೆದರೆ 8172. ಅದಕ್ಕೂ ಹಾಗೇ ಮಾಡಿದರೆ 7443, ಮತ್ತೆ 3996, 6264, 4176, ಕೊನೆಗೆ 6174. ಅಲ್ಲಿಂದ ಮುಂದೆ ಎಷ್ಟು ಕಳೆದರೂ 6174ರಲ್ಲೇ ನಿಲುಗಡೆ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೆ ತಲುಪುತ್ತೇವೆ. ಬಸ್ಸಿನ ನಂಬರ್ ಪ್ಲೇಟ್ ಸಾಕು, ಗಿಲ್ಲೆಸುಗೂರಿನಿಂದ ರಾಯಚೂರು ಮುಟ್ಟುವವರೆಗೆ ಹೊತ್ತು ಹೋಗುತ್ತದೆ.

ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ‘ಗಣಿತ ಕಲಿಕಾ ಆಂದೋಲನ’ದ ಪೆಟ್ಟಿಗೆ ಬಂದಿದೆ. ಅಕ್ಷರ ಫೌಂಡೇಶನ್ ಮತ್ತು ಶಿಕ್ಷಣ ಇಲಾಖೆ ಕೂಡಿ ತಂದದ್ದು. ಬಿಡಿ, ಹತ್ತು, ನೂರು ತೋರಿಸುವ ಪುಟ್ಟ ಘನಗಳು ಅದರಲ್ಲಿವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳೂ ನಡೆದಿವೆ. ಸ್ಪರ್ಧೆಯಿಂದ ಊರಿನ ಜನ ಶಾಲೆಗೆ ಬರುತ್ತಾರೆ, ಒಳ್ಳೆಯದೇ. ಆದರೆ ಪೆಟ್ಟಿಗೆಯ ಸಾಮಾನು ಕಳೆದುಹೋದೀತೆಂದು ಬೀರುವಿನಲ್ಲಿ ಭದ್ರವಾಗಿಡುವುದಕ್ಕಿಂತ, ಆಡಿ ಎರಡು ಘನ ಕಳೆದರೂ ಲಾಭವೇ ಎನ್ನುವವನು ನಾನು.

ಆ ಘನಗಳಿಗೂ ಅಂಗಳದ ರಂಗೋಲಿಗೂ ಒಂದು ನಂಟಿದೆ. ‘ಏಳರಿಂದ ನಾಲ್ಕು, ಸಂದುಚುಕ್ಕಿ’ ಎನ್ನುತ್ತಾರೆ ಹೆಣ್ಣುಮಕ್ಕಳು. ನಡುವಿನ ಸಾಲಿಗೆ ಏಳು ಚುಕ್ಕಿ, ಅದರ ಮೇಲೆ ಕೆಳಗೆ ಆರಾರು, ಐದೈದು, ನಾಲ್ಕು ನಾಲ್ಕು. ಒಟ್ಟು 37. ಇದರ ತಂಗಿಯರು ‘ಐದರಿಂದ ಮೂರು’, ‘ಮೂರರಿಂದ ಎರಡು’. ಅವಕ್ಕೆ 19 ಮತ್ತು 7 ಚುಕ್ಕಿ. ಎಲ್ಲಕ್ಕೂ ಮೊದಲು ಒಂಟಿ ಚುಕ್ಕಿ. ಈಗ ಇವುಗಳನ್ನು ಕೂಡುತ್ತಾ ಹೋಗಿ. 1ಕ್ಕೆ 7 ಸೇರಿದರೆ 8. ಅದಕ್ಕೆ 19 ಸೇರಿದರೆ 27. ಅದಕ್ಕೆ 37 ಸೇರಿದರೆ 64. ಎರಡರ ಘನ, ಮೂರರ ಘನ, ನಾಲ್ಕರ ಘನ! ‘ಒಂಬತ್ತರಿಂದ ಐದ’ಕ್ಕೆ 61 ಚುಕ್ಕಿ, ಸೇರಿಸಿದರೆ 125, ಐದರ ಘನ.

ಕಾರಣ ಬೇಕಿದ್ದರೆ ಪೆಟ್ಟಿಗೆಯಿಂದ 64 ಪುಟ್ಟ ಘನಗಳನ್ನು ತೆಗೆದು ನಾಲ್ಕು ಉದ್ದ, ನಾಲ್ಕು ಅಗಲ, ನಾಲ್ಕು ಎತ್ತರಕ್ಕೆ ಜೋಡಿಸಿ. ಅದರ ಒಂದು ಮೂಲೆ ನೇರ ಕಣ್ಣಿನೆದುರು ಬರುವಂತೆ ನಿಂತು ನೋಡಿದರೆ ಮೂರು ಮುಖ ಕಾಣುತ್ತವೆ. ಆ ಮುಖಗಳಲ್ಲಿ ಕಾಣುವ ಘನಗಳು 37, ನಡುವಿನ ಸಾಲಿನಲ್ಲಿ ಏಳು, ಅಂಚಿಗೆ ನಾಲ್ಕು. ಅವನ್ನು ತೆಗೆದುಬಿಟ್ಟರೆ ಹಿಂದೆ ಉಳಿಯುವುದು ಮೂರರ ಘನ. ಅದರದ್ದೂ ಮುಂದಿನ ಪದರ ತೆಗೆದರೆ 19 ಹೋಗಿ ಎಂಟು ಉಳಿಯುತ್ತವೆ.