ಹಿಕ್ಕೆ ನೋಡುವ ಬೆಳಗು

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಫ್ಲ್ಯಾಟಿಗೆ ಎರಡು ಮೊಲದ ಮರಿಗಳು ಬಂದದ್ದು ರಟ್ಟಿನ ಡಬ್ಬಿಯಲ್ಲಿ. ಒಂದು ಬಿಳಿ, ಒಂದು ಬೂದು. ಎರಡನ್ನೂ ಸೇರಿಸಿದರೂ ಬೊಗಸೆ ತುಂಬುತ್ತಿರಲಿಲ್ಲ. "ಒಂದೂವರೆ ತಿಂಗಳಾಗಿದೆ ಸಾರ್, ಕ್ಯಾರೆಟ್ ಹಾಕಿ ಸಾಕು" ಎಂದಿದ್ದ ಮಾರಿದವನು. ಮೂರನೇ ದಿನ ಬಿಳಿ ಮರಿ ಮೂಲೆಯಲ್ಲಿ ಮುದುಡಿ ಕೂತಿತು. ಕಣ್ಣು ಅರೆಮುಚ್ಚಿತ್ತು. ನಿದ್ದೆ ಇರಬೇಕು ಅಂದುಕೊಂಡೆವು. ರಾತ್ರಿ ಎತ್ತಿ ನೋಡಿದರೆ ಬಾಲದ ಕೆಳಗೆ ಲೋಳೆಯಂಥ ಭೇದಿ. ಬೆಳಗಾಗುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಬೂದು ಮರಿಯನ್ನು ಎದೆಗವಚಿಕೊಂಡು ಪಶುವೈದ್ಯರ ಬಳಿ ಓಡಿದೆ. ಅವರು ತೂಗಿ ನೋಡಿ, "ಇದಕ್ಕೆ ನಾಲ್ಕು ವಾರವೂ ತುಂಬಿದಂತಿಲ್ಲ, ತಾಯಿ ಹತ್ತಿರ ಇರಬೇಕಿತ್ತು" ಎಂದರು. ನಮ್ಮ ಎಲ್ಲ ಕಷ್ಟದ ಬೇರು ಆ ಮಾತಿನಲ್ಲಿತ್ತು. ತಾಯಿಮೊಲ ಮರಿಗೆ ಹಾಲೂಡಿಸುವುದು ದಿನಕ್ಕೆ ಒಂದೆರಡು ಸಲ, ಅದೂ ಕೆಲವೇ ನಿಮಿಷ. ಮರಿಯ ಹೊಟ್ಟೆಯಲ್ಲಿ ಕೆಟ್ಟ ಸೂಕ್ಷ್ಮಾಣುಗಳು ಬೆಳೆಯದಂತೆ ಕಾಯುವುದು ಆ ಹಾಲೇ. ಹಾಲು ಬಿಡುವ ಹೊತ್ತಿಗೆ ಹೊಟ್ಟೆಯ ಆಮ್ಲ ಏರಿ ಆ ಕಾವಲನ್ನು ವಹಿಸಿಕೊಳ್ಳಬೇಕು. ಅದಕ್ಕೆ ದಿನಗಳು ಬೇಕು. 8 ವಾರದವರೆಗೆ ತಾಯಿಯ ಜೊತೆ ಬಿಡಿ ಎನ್ನುವುದು ಅದಕ್ಕೇ. ನಾಲ್ಕು ವಾರಕ್ಕೇ ಕಿತ್ತು ತಂದರೆ ಹಳೆಯ ಕಾವಲು ಹೋಗಿರುತ್ತದೆ, ಹೊಸದು ಬಂದಿರುವುದಿಲ್ಲ. ಕಾಕ್ಸಿಡಿಯಾ ಎಂಬ ಪರಾವಲಂಬಿ, ಲೋಳೆ ಭೇದಿ ನುಗ್ಗುವುದು ಆ ಸಂದಿನಲ್ಲಿ. ಪಂಜರದಲ್ಲಿ ಒತ್ತೊತ್ತಾಗಿ ತುಂಬಿದಲ್ಲಿ ಒಂದರ ಹಿಕ್ಕೆಯಿಂದ ಇನ್ನೊಂದಕ್ಕೆ ರೋಗ ದಾಟುತ್ತದೆ. ಪುಟ್ಟದಿದ್ದಷ್ಟೂ ಮುದ್ದು ಎಂದು ಕೊಳ್ಳುವ ನಾವೂ ಇದರಲ್ಲಿ ಪಾಲುದಾರರು.

ನಾಯಿಮರಿ ನೋವಾದರೆ ಕುಂಯ್‌ಗುಟ್ಟುತ್ತದೆ. ಮೊಲ ಬಾಯಿ ಬಿಡುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ, ನೋವನ್ನು ಬಚ್ಚಿಡುವುದೇ ಅದರ ಹುಟ್ಟುಗುಣ. ಅದರ ಪರವಾಗಿ ಮಾತಾಡುವುದು ಹಿಕ್ಕೆ. ಕಾಫಿಗೆ ಮುಂಚೆ ಪೇಪರಿನ ಮೇಲೆ ಬಿದ್ದಿರುವುದನ್ನು ಬಗ್ಗಿ ನೋಡುವುದು ನನಗೆ ರೂಢಿಯಾಯಿತು. ದುಂಡಗಿದ್ದು, ಒಣಗಿದ್ದು, ಹಿಸುಕಿದರೆ ಹುಲ್ಲಿನ ನಾರು ಪುಡಿಪುಡಿಯಾಗಿ ಉದುರಿದರೆ ಮರಿ ಚೆನ್ನಾಗಿದೆ. ಹಿಕ್ಕೆ ನಿನ್ನೆಗಿಂತ ಸಣ್ಣದಾದರೆ, ಕಡಿಮೆಯಾದರೆ ಎಚ್ಚರ. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಕರುಳಿನ ಚಲನೆ ನಿಂತಿದೆ ಎಂದೇ ತಿಳಿದು ಆ ಕ್ಷಣ ವೈದ್ಯರ ಬಳಿ ಹೊರಡಬೇಕು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಕಟ್ಟಿದ್ದು ಒಳಗೇ ಉಬ್ಬುತ್ತದೆ. ಇನ್ನು ದ್ರಾಕ್ಷಿ ಗೊಂಚಲಿನಂತೆ ಅಂಟಂಟಾದ ಮೆತ್ತನೆ ಹಿಕ್ಕೆಯನ್ನು ಅದು ಬಾಯಿ ಹಾಕಿ ತಿನ್ನುವುದನ್ನು ಕಂಡು ನನ್ನ ಮಗಳು ಕಿರುಚಿದ್ದಳು. ಅದು ರೋಗವಲ್ಲ, ಅದರ ಎರಡನೇ ಊಟ. ಕೆಲವು ಸೊಪ್ಪಿನ ಬಣ್ಣಕ್ಕೆ ಉಚ್ಚೆ ಕೆಂಪಾಗುವುದೂ ಉಂಟು.

ಕ್ಯಾರೆಟ್ಟಿನ ವಿಷಯದಲ್ಲಿ ಜನರದ್ದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕ್ಯಾರೆಟ್ ಸಿಹಿ, ಅಪರೂಪಕ್ಕೆ ಒಂದು ಚೂರು ಸಾಕು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದನ್ನು ಸವೆಸಲು ದಿನವಿಡೀ ಹುಲ್ಲೇ ಬೇಕು. ಒಣಹುಲ್ಲು ಸದಾ ಮುಂದಿರಲಿ. ದೇವಸ್ಥಾನದ ಮುಂದೆ ಕಟ್ಟು ಕಟ್ಟಾಗಿ ಸಿಗುವ ಗರಿಕೆಯನ್ನು ಚೆನ್ನಾಗಿ ತೊಳೆದು, ನೀರಾರಿಸಿ ಕೊಡಬಹುದು. ಹೊಸ ಸೊಪ್ಪನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ಪೀಣ್ಯದ ಲಾರಿ ರಸ್ತೆಯ ಅಂಚಿನ ಹುಲ್ಲು ಮಾತ್ರ ಬೇಡ.

ಬೆಂಗಳೂರು ತಂಪಿನ ಊರು ಎಂಬ ನಂಬಿಕೆ ಮೊಲಕ್ಕೆ ಅಪಾಯ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. 30 ದಾಟಿದರೇ ಮೊಲ ಬಸವಳಿಯುತ್ತದೆ. ಅದಕ್ಕೆ ಬೆವರಲು ಬಾರದು, ಮೈಯ ಬಿಸಿ ಹೊರಹಾಕಲು ಇರುವುದು ಮುಖ್ಯವಾಗಿ ಕಿವಿಗಳೇ. ವೈಟ್‌ಫೀಲ್ಡಿನ ಗಾಜಿನ ಬಾಲ್ಕನಿ, ಪೀಣ್ಯದ ಶೀಟ್ ಮನೆ ಎರಡೂ ಮಧ್ಯಾಹ್ನ ಒಲೆಯಾಗುತ್ತವೆ. ಆಫೀಸಿಗೆ ಹೋಗುವ ಮುಂಚೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಬಟ್ಟೆ ಸುತ್ತಿ ನೆರಳಲ್ಲಿಡಿ. ಮರಿ ಅದಕ್ಕೊರಗಿ ಮಲಗುತ್ತದೆ. ಸ್ನಾನ ಮಾಡಿಸಬೇಡಿ, ಆ ಗಾಬರಿಗೇ ಜೀವ ಹೋಗಬಹುದು.

ನಮ್ಮ ಕಡೆ ನಾಯಿ, ಬೆಕ್ಕಿನ ಕ್ಲಿನಿಕ್‌ಗಳಿಗೆ ಬರವಿಲ್ಲ. ಮೊಲ ನೋಡುವವರನ್ನು ಹುಡುಕಬೇಕು. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಪೀಣ್ಯದವರಿಗೆ ಅದು ಹತ್ತಿರ, ನಾವು ಸಿಲ್ಕ್ ಬೋರ್ಡ್ ದಾಟಿ ಇಡೀ ಊರನ್ನು ಹಾಯಬೇಕು. ಆದ್ದರಿಂದ ಮರಿ ತರುವ ಮುಂಚೆಯೇ ನಾಲ್ಕು ಕಡೆ ಫೋನ್ ಮಾಡಿ, "ಮೊಲ ನೋಡ್ತೀರಾ?" ಎಂದು ಕೇಳಿಟ್ಟುಕೊಳ್ಳಬೇಕು. ಇದು ಅತಿ ಎನಿಸಬಹುದು, ಆ ಬಿಳಿ ಮರಿಯ ರಾತ್ರಿ ಕಂಡ ನನಗೆ ಹಾಗೆ ಅನಿಸುವುದಿಲ್ಲ. ವೈದ್ಯರು ಸಿಗಲಿಲ್ಲವೆಂದು ಮನೆಯ ಡ್ರಾಯರಿನ ಅಮಾಕ್ಸಿಸಿಲಿನ್ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ನಾಶವಾಗಿ ಮರಿ ಸಾಯಬಹುದು. ನಾಯಿಯ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಹನಿಯೂ ಅದಕ್ಕೆ ವಿಷ.

ಇನ್ನೊಂದು ಮಾತು. ಸರ್ಜಾಪುರದ ಆಚೆ ಸೈಟು ಸಮ ಮಾಡುವಾಗ ಪೊದೆಯಲ್ಲಿ ಸಿಗುವ, ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ತೆರೆದಿರುವ ಮರಿ ಕಾಡುಮೊಲದ್ದು. ತಾಯಿ ಅದನ್ನು ಬಿಟ್ಟು ಹೋಗಿಲ್ಲ, ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಸಾಕುವಂತಿಲ್ಲ. ಮುಟ್ಟದೆ ಬಿಡಿ. ಗಾಯವಾಗಿದ್ದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್‌ಗೆ ತಿಳಿಸಿ.

ಬೂದು ಮರಿ ಉಳಿಯಿತು. ಗಂಡು ಎಂದು ಕೊಟ್ಟಿದ್ದರು, ಹೆಣ್ಣಾಗಿತ್ತು. ಮೊನ್ನೆ ಎದುರು ಬ್ಲಾಕಿನವರು ಮಗನಿಗೆ ಮರಿ ತರುತ್ತೇವೆ ಎಂದರು. ತಾಯಿಯನ್ನು ತೋರಿಸಿ ಅಂತ ಮೊದಲು ಕೇಳಿ ಎಂದೆ. ಹೋಗಿ ನೋಡಿ ಬಂದರು. ತಾಯಿ ಇತ್ತು, ಮರಿಗಳಿಗೆ ಐದು ವಾರವಂತೆ. ಇನ್ನೂ ಮೂರು ವಾರ ಕಾಯುತ್ತೇವೆ ಎಂದಿದ್ದಾರೆ.